ಚನ್ನಪಟ್ಟಣದ ಬೊಂಬೆ: ಅರಗಿನ ಬಣ್ಣ ಯಾಕೆ ಬಿರುಕು ಬಿಡುತ್ತೆ?

ಚನ್ನಪಟ್ಟಣದ ಬೊಂಬೆಯೊಂದನ್ನ ಬೆಳಕಿಗೆ ಹಿಡಿದು ನೋಡಿ. ಮೈಯೆಲ್ಲ ಹೊಳೀತಿದೆ, ಆದರೆ ಒಂದು ಕಡೆ ಕೂದಲೆಳೆಯಂಥ ಬಿರುಕು. ಆ ಬಿರುಕು ಎಲ್ಲಿಂದ ಬಂತು ಅಂತ ನಮಗೆ ಗೊತ್ತಿರಬೇಕು.

ಮೊದಲು ಆ ಹೊಳಪು ಹೇಗೆ ಬರುತ್ತೆ ಅಂತ ನೋಡೋಣ. ಪಿಂಗಾಣಿಯ ಹೊಳಪಿನ ಲೇಪ (ಗ್ಲೇಜ್) ಕರಗೋಕೆ 1,000 ಡಿಗ್ರಿ ದಾಟಿದ ಭಟ್ಟಿ ಬೇಕು. ಬೊಂಬೆಗೆ ಹಚ್ಚೋ ಅರಗಿಗೆ 80 ಡಿಗ್ರಿ ಆಸುಪಾಸು ಸಾಕು. ಲೇತ್ ಮೇಲೆ ತಿರುಗೋ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಕರಗಿ ಮರಕ್ಕೆ ಹತ್ತುತ್ತೆ. ಆಮೇಲೆ ತಾಳೆಗರಿ ಹಿಡಿದು ತೀಡ್ತಾರೆ. ಬಣ್ಣ ಸಮನಾಗಿ ಹರಡಿ ಹೊಳಪು ಬರುತ್ತೆ.

ಬಿರುಕಿಗೆ ಸಾಮಾನ್ಯವಾಗಿ ಒಳಗಿನ ಮರವೇ ಕಾರಣ. ಬೊಂಬೆ ಮಾಡೋ ಆಲೆ ಮರವನ್ನ ಹಸಿಯಿದ್ದಾಗಲೇ ಕಡೆದು ಬಣ್ಣ ಹಚ್ಚಿದರೆ, ಒಣಗ್ತಾ ಒಣಗ್ತಾ ಅದು ಕುಗ್ಗುತ್ತೆ. ಮೇಲಿನ ಅರಗು ಕುಗ್ಗಲ್ಲ, ಸೀಳುತ್ತೆ, ಚಕ್ಕೆ ಏಳುತ್ತೆ. ಅದಕ್ಕೇ ಮರವನ್ನ ತಿಂಗಳುಗಟ್ಟಲೆ ಒಣಗಿಸೋದು. ಅಲ್ಲಿ ಅವಸರ ಮಾಡಿದರೆ ಮುಂದಿನ ಯಾವ ಕೈಚಳಕವೂ ಬೊಂಬೆಯನ್ನ ಉಳಿಸಲ್ಲ.

ಬಿರುಕಲ್ಲದೆ ಬೇರೆ ದೋಷಗಳೂ ಇವೆ. ಬಣ್ಣ ಪಟ್ಟೆಪಟ್ಟೆಯಾಗಿದ್ರೆ ಬಿಸಿ ಸಾಲಲಿಲ್ಲ ಅಂತ ಅರ್ಥ. ಅತಿಯಾಗಿ ಒತ್ತಿದರೆ ಕಂದುತ್ತೆ. ಇವೆರಡೂ ಸರಿಹೋಗೋ ದೋಷ: ಮತ್ತೆ ಲೇತಿಗೇರಿಸಿ, ಕೆರೆದು, ಹೊಸದಾಗಿ ಹಚ್ಚಬಹುದು.

ಅರಿಶಿನ ಬೆರೆಸಿ ಮಾಡಿದ ಹಳದಿ ಬಣ್ಣ ಬಿಸಿಲಿಗೆ ಬಲು ಬೇಗ ಮಾಸುತ್ತೆ. ಅರಿಶಿನದ ಗುಣವೇ ಹಾಗೆ, ಕುಶಲಕರ್ಮಿಗಳನ್ನ ದೂರಬೇಡಿ.

ಮನೇಲಿರೋ ಬೊಂಬೆಯನ್ನ ನೀರಲ್ಲಿ ನೆನೆಸಬೇಡಿ, ಅರಗು ಬೆಳ್ಳಗಾಗುತ್ತೆ. ಸ್ಯಾನಿಟೈಸರ್ ಅಂತೂ ಹಚ್ಚಲೇಬೇಡಿ, ಅದರಲ್ಲಿರೋ ಆಲ್ಕೋಹಾಲ್‌ಗೆ ಅರಗು ಕರಗಿಬಿಡುತ್ತೆ. ಒಣಬಟ್ಟೇಲಿ ಒರೆಸಿ, ನೆರಳಲ್ಲಿಡಿ.