ನೋಡಲು ಕಲಿಯಬೇಕೆ?

ಕಣ್ಣು ತೆರೆದೊಡನೆ ಜಗತ್ತು ಕಾಣಿಸುತ್ತದೆ. ಇದರಲ್ಲಿ ಕಲಿಯತಕ್ಕದ್ದೇನಿದೆ ಎಂದು ನಮಗೆ ತೋರುವುದು ಸಹಜ. ಎದುರಿಗೆ ಒಂದು ಕಿತ್ತಳೆ ಇದೆಯೆಂದು ಭಾವಿಸೋಣ. ಅದರ ಮೇಲೆ ಬಿದ್ದು ಚದರಿದ ಬೆಳಕು ಕಣ್ಣಿನ ಮಸೂರವನ್ನು ಹಾಯ್ದು ಅಕ್ಷಿಪಟಲವನ್ನು ಸೇರುತ್ತದೆ; ಅಲ್ಲಿ ಹುಟ್ಟಿದ ಪ್ರಚೋದನೆ ನರದ ಮೂಲಕ ಮಿದುಳನ್ನು ಮುಟ್ಟುತ್ತದೆ. ಇಷ್ಟರಿಂದ ದೊರೆಯುವುದು ಒಂದು ಬಣ್ಣದ ಮಚ್ಚೆ ಮಾತ್ರ. ಇದನ್ನು ಮನಶ್ಶಾಸ್ತ್ರಜ್ಞರು ಸಂವೇದನೆ ಎನ್ನುತ್ತಾರೆ. ‘ಇದು ಕಿತ್ತಳೆ, ದುಂಡಗಿದೆ, ಕೈಗೆಟಕುವಷ್ಟು ದೂರದಲ್ಲಿದೆ’ ಎಂಬ ಅರಿವು ಬೇರೆ. ಅದಕ್ಕೆ ಗ್ರಹಿಕೆ ಎಂದು ಹೆಸರು. ಎರಡೂ ಒಟ್ಟಿಗೇ ಒದಗುವುದರಿಂದ ನಾವು ಅವನ್ನು ಬೇರ್ಪಡಿಸಲಾರೆವು. ಹುಟ್ಟುಕುರುಡನಿಗೆ ಬೆಳೆದ ಮೇಲೆ ದೃಷ್ಟಿ ಬಂದರೆ ಆಗ ಅವುಗಳ ನಡುವಣ ಅಂತರ ಬಯಲಾಗುತ್ತದೆ.

ಇಂಥವನ ವಿಷಯವಾಗಿ ಡಬ್ಲಿನ್ ನಗರದ ವಿಲಿಯಂ ಮಾಲಿನ್ಯೂ 1688ರಲ್ಲಿ ಪತ್ರವೊಂದರಲ್ಲಿ ಒಂದು ಪ್ರಶ್ನೆ ಕೇಳಿದನು. ಗೋಳವನ್ನೂ ದಾಳದಂಥ ಘನವನ್ನೂ ಮುಟ್ಟಿ ಗುರುತಿಸಬಲ್ಲ ಕುರುಡನಿಗೆ ದೃಷ್ಟಿ ಬಂದರೆ, ಮುಟ್ಟದೆ, ಬರಿಯ ನೋಟದಿಂದ ಯಾವುದು ಯಾವುದೆಂದು ಹೇಳಬಲ್ಲನೆ? ಮಾಲಿನ್ಯೂವಿನ ಪತ್ನಿ ಮದುವೆಯಾದ ಸ್ವಲ್ಪ ಕಾಲದಲ್ಲೇ ದೃಷ್ಟಿ ಕಳೆದುಕೊಂಡಿದ್ದಳು. ಆದುದರಿಂದ ಇದು ಅವನಿಗೆ ಬರಿಯ ತರ್ಕದ ಆಟವಾಗಿರಲಾರದು. ಜಾನ್ ಲಾಕ್ 1694ರಲ್ಲಿ ತನ್ನ ಗ್ರಂಥದ ಎರಡನೆಯ ಮುದ್ರಣದಲ್ಲಿ ಇದನ್ನು ಸೇರಿಸಿದನು. ‘ಹೇಳಲಾರನು’ ಎಂಬುದೇ ಇಬ್ಬರ ಉತ್ತರವೂ ಆಗಿತ್ತು.

1728ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಚೆಸೆಲ್ಡನ್ ಸುಮಾರು ಹದಿಮೂರು ವರ್ಷದ ಹುಡುಗನೊಬ್ಬನ ವೃತ್ತಾಂತವನ್ನು ಪ್ರಕಟಿಸಿದನು. ಕಣ್ಣಿನ ಪೊರೆ ತೆಗೆದ ಮೇಲೆ ಹುಡುಗನಿಗೆ ಎಲ್ಲ ವಸ್ತುಗಳೂ ತನ್ನ ಕಣ್ಣಿಗೇ ತಾಗುತ್ತಿರುವಂತೆ ತೋರಿತಂತೆ. ಬೆಕ್ಕು ಯಾವುದು, ನಾಯಿ ಯಾವುದು ಎಂಬುದು ಅವನಿಗೆ ಮತ್ತೆ ಮತ್ತೆ ಮರೆತುಹೋಗುತ್ತಿತ್ತು. ಕೇಳಲು ನಾಚಿ, ಒಮ್ಮೆ ಬೆಕ್ಕನ್ನು ಹಿಡಿದು ತಡವಿ, ದಿಟ್ಟಿಸಿ ನೋಡಿ ಮನಸ್ಸಿನಲ್ಲಿ ಇರಿಸಿಕೊಂಡನು. ಚಿತ್ರಗಳು ಅವನಿಗೆ ಎರಡು ತಿಂಗಳವರೆಗೂ ಬಣ್ಣ ಬಳಿದ ಹಲಗೆಗಳಷ್ಟೇ. ಅವು ವಸ್ತುಗಳ ರೂಪವೆಂದು ಹೊಳೆದಾಗ ಕೈಯಿಂದ ಸವರಿದನು, ಉಬ್ಬುತಗ್ಗು ಸಿಕ್ಕಲಿಲ್ಲ. ಕಣ್ಣು ಸುಳ್ಳು ಹೇಳುತ್ತಿದೆಯೋ ಕೈಯೋ ಎಂದು ಕೇಳಿದನು. ಸಂವೇದನೆಯ ವಿಚಾರದಲ್ಲಿ ಇದಕ್ಕಿಂತ ಮೂಲಭೂತವಾದ ಪ್ರಶ್ನೆಯನ್ನು ಪಂಡಿತರೂ ಕೇಳಿದ್ದು ಕಡಮೆ.

ಆದರೆ ಒಬ್ಬ ಹುಡುಗನ ಕಥೆ ಪ್ರಯೋಗವಾಗದು. ಕ್ರಮಬದ್ಧವಾದ ಪರೀಕ್ಷೆ ನಡೆದದ್ದು ನಮ್ಮ ದೇಶದಲ್ಲಿ. ಅಮೆರಿಕದ ಎಂ.ಐ.ಟಿ.ಯ ಪವನ್ ಸಿನ್ಹಾ ಅವರು ಆರಂಭಿಸಿದ ‘ಪ್ರಕಾಶ್’ ಯೋಜನೆಯಲ್ಲಿ, ಜನ್ಮತಃ ಕುರುಡರಾದ ಬಡ ಮಕ್ಕಳಿಗೆ ದೆಹಲಿಯಲ್ಲಿ ಚಿಕಿತ್ಸೆ ದೊರೆಯಿತು. ಎಂಟರಿಂದ ಹದಿನೇಳು ವರ್ಷದ ಐವರ ಪರೀಕ್ಷೆಯ ಫಲ 2011ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯಾದ ಎರಡು ದಿನಗಳೊಳಗೆ, ಮಕ್ಕಳ ಆಟಿಕೆಯಂಥ ತುಂಡುಗಳನ್ನು ಕೊಟ್ಟು ನೋಡಿದರು. ಮುಟ್ಟಿದ್ದನ್ನು ಮುಟ್ಟಿ, ನೋಡಿದ್ದನ್ನು ನೋಡಿ ಗುರುತಿಸುವುದರಲ್ಲಿ ಅವರು ತಪ್ಪಿದ್ದು ಅಪರೂಪ. ಮುಟ್ಟಿದ್ದನ್ನು ಎರಡು ತುಂಡುಗಳ ನಡುವೆ ಕಣ್ಣಿನಿಂದ ಆರಿಸುವಾಗ ಮಾತ್ರ ಸರಿಯಾದದ್ದು ನೂರಕ್ಕೆ 58. ಸುಮ್ಮನೆ ಊಹಿಸಿದರೂ 50 ಬರುತ್ತದೆ! ಮಾಲಿನ್ಯೂವಿನ ಉತ್ತರವೇ ನಿಂತಿತು. ಆದರೆ ಮತ್ತೆ ಪರೀಕ್ಷಿಸಿದಾಗ, ಕೆಲವೇ ದಿನಗಳಲ್ಲಿ, ವಿಶೇಷ ಶಿಕ್ಷಣವಿಲ್ಲದೆಯೇ ಅವರು ಬಹುವಾಗಿ ಸುಧಾರಿಸಿದ್ದರು.

ಇದು ಪಾಂಡಿತ್ಯಕ್ಕಷ್ಟೇ ಸಂಬಂಧಿಸಿದ ಸಂಗತಿಯಲ್ಲ. ಎಳೆಯ ವಯಸ್ಸು ಕಳೆದ ಮೇಲೆ ಚಿಕಿತ್ಸೆ ಮಾಡಿಯೂ ಫಲವಿಲ್ಲ, ಮಿದುಳು ಇನ್ನು ನೋಡಲು ಕಲಿಯದು ಎಂಬ ನಂಬಿಕೆ ವೈದ್ಯರಲ್ಲಿಯೂ ಬಲವಾಗಿತ್ತು. ಈ ಮಕ್ಕಳ ನೋಟ ಸೂಕ್ಷ್ಮತೆಯಲ್ಲಿ ಇತರರ ಮಟ್ಟವನ್ನು ಮುಟ್ಟಲಿಲ್ಲ, ನಿಜ. ಆದರೂ ಅವರು ವಸ್ತುಗಳನ್ನು ಬಿಡಿಸಿ ಗುರುತಿಸಲು ಕಲಿತರು.

ಹಾಗಾದರೆ ಗ್ರಹಿಕೆಯೆಲ್ಲವೂ ಕಲಿಕೆಯೆ? ಅಲ್ಲಿಯೂ ಅವಸರ ಸಲ್ಲದು. ಸಮಾನವಾದ ಎರಡು ಗೆರೆಗಳ ತುದಿಗಳಲ್ಲಿ, ಒಂದಕ್ಕೆ ಒಳಮುಖವಾಗಿ, ಇನ್ನೊಂದಕ್ಕೆ ಹೊರಮುಖವಾಗಿ ಬಾಣದ ರೆಕ್ಕೆಗಳನ್ನೆಳೆದರೆ ಎರಡನೆಯದು ಉದ್ದವಾಗಿ ತೋರುತ್ತದೆ. ಇದು ಗೋಡೆ ಮೂಲೆಗಳನ್ನು ವರ್ಷಗಟ್ಟಲೆ ನೋಡಿದ ಅಭ್ಯಾಸದ ಫಲವೆಂದು ಹಲವರು ವಾದಿಸಿದ್ದರು. 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆಗತಾನೆ ದೃಷ್ಟಿ ಪಡೆದ ಇಂಥ ಮಕ್ಕಳೂ ಅದೇ ಗೆರೆಯನ್ನು ಉದ್ದವೆಂದರು.