ಕಾರ್ಖಾನೆ ಮೊದಲು, ಕಾನೂನು ಆಮೇಲೆ

1923ರ ಜನವರಿಯಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಶುರುಮಾಡಿತು. ಸಂಕಲ್ಪ ಸರ್ ಎಂ. ವಿಶ್ವೇಶ್ವರಯ್ಯನವರದು, ತಾಂತ್ರಿಕ ಸಲಹೆ ನ್ಯೂಯಾರ್ಕಿನ ಎಂಜಿನಿಯರ್ ಸಿ.ಪಿ. ಪೆರಿನ್ ಅವರದು. ಮುಂದೆ ಅದೇ ಊರಿನಲ್ಲಿ ಕಾಗದದ ಕಾರ್ಖಾನೆಯೂ ಎದ್ದಿತು. ಅವುಗಳ ಪಕ್ಕದಲ್ಲಿ ಹರಿಯುವ ಭದ್ರೆ ಕೂಡ್ಲಿಯಲ್ಲಿ ತುಂಗೆಯನ್ನು ಕೂಡಿ, ತುಂಗಭದ್ರೆಯಾಗಿ ನ್ಯಾಮತಿ, ಹೊನ್ನಾಳಿ ಸೀಮೆಯನ್ನು ಹಾದು ಹರಿಹರಕ್ಕೆ ಬರುತ್ತಾಳೆ. ಚನ್ನಗಿರಿಯ ಸೂಳೆಕೆರೆಯಿಂದ ಹೊರಟ ಹರಿದ್ರಾ ಹಳ್ಳವೂ ಅಲ್ಲಿಯೇ ಹೊಳೆ ಸೇರುತ್ತದೆ. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ಇದೇ ಹೊಳೆಯ ನೀರನ್ನು ಮೇಲೆತ್ತಿ ಜಗಳೂರಿನ 57 ಕೆರೆಗಳಿಗೆ ತುಂಬಿಸುವ ಯೋಜನೆ ಇದೆ.

ಹೀಗೆ ಈ ತಾಲ್ಲೂಕುಗಳ ಬದುಕು ಒಂದೇ ಹೊಳೆಯ ಹರಿವಿಗೆ ಸೇರಿಕೊಂಡಿದೆ. ಕೈಗಾರಿಕೆ ಬಂದಾಗ ಯಾರಿಗೆ ಕೂಲಿ ಸಿಕ್ಕಿತು, ಯಾರ ನೀರು ಕೆಟ್ಟಿತು, ಕೆಟ್ಟದ್ದನ್ನು ಸರಿಪಡಿಸಲು ಯಾರು ಓಡಾಡಿದರು ಎಂಬ ಪ್ರಶ್ನೆಗಳಿಗೆ ಇಲ್ಲಿ ಗಟ್ಟಿ ಉತ್ತರಗಳಿವೆ. ಇವೇ ಪ್ರಶ್ನೆಗಳನ್ನು ನೂರು ವರ್ಷಕ್ಕೂ ಮೊದಲು ಅಮೆರಿಕದ ಜನ ಎದುರಿಸಿದ್ದರು.

ಅಂತರ್ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ರೈಲು, ಉಕ್ಕು, ಎಣ್ಣೆಯ ಉದ್ಯಮಗಳು ಎಡೆಬಿಡದೆ ಬೆಳೆದವು. ರಾಕ್‌ಫೆಲ್ಲರ್, ಕಾರ್ನೆಗಿಯಂಥ ಉದ್ಯಮಿಗಳ ಕೈಯಲ್ಲಿ ಅಪಾರ ಹಣ ಸೇರಿತು. ಅದೇ ಹೊತ್ತಿಗೆ ಎಳೆಯ ಮಕ್ಕಳು ಗಿರಣಿಗಳಲ್ಲಿ, ಗಣಿಗಳಲ್ಲಿ ದುಡಿಯುತ್ತಿದ್ದರು. ಕೆಲಸದ ಹೊತ್ತಿಗೆ ಮಿತಿಯಿರಲಿಲ್ಲ, ಕೈ ತುಂಡಾದರೆ ಪರಿಹಾರವಿರಲಿಲ್ಲ. 1889ರಲ್ಲಿ ಜೇನ್ ಆಡಮ್ಸ್ ಎಂಬ ಮಹಿಳೆ ತಮ್ಮ ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಜೊತೆ ಶಿಕಾಗೋದ ಬಡ ಕಾರ್ಮಿಕರ ಕೇರಿಯಲ್ಲಿ ‘ಹಲ್ ಹೌಸ್’ ಎಂಬ ಮನೆ ತೆರೆದರು. ಅಲ್ಲಿಯೇ ವಾಸವಿದ್ದು ಮಕ್ಕಳಿಗೆ ಶಿಶುವಿಹಾರ, ದೊಡ್ಡವರಿಗೆ ಸಂಜೆ ಪಾಠ ನಡೆಸಿದರು. ಬೀದಿಯಲ್ಲಿ ಕಸ ಕೊಳೆತು ಮಕ್ಕಳು ಕಾಯಿಲೆ ಬೀಳುವುದನ್ನು ಕಂಡ ಆಡಮ್ಸ್ 1895ರಲ್ಲಿ ತಮ್ಮ ವಾರ್ಡಿನ ಕಸದ ಇನ್‌ಸ್ಪೆಕ್ಟರ್ ಹುದ್ದೆಯನ್ನೇ ಒಪ್ಪಿಕೊಂಡು, ಬೆಳಗಾದರೆ ಕಸದ ಗಾಡಿಗಳ ಹಿಂದೆ ಹೊರಡುತ್ತಿದ್ದರು. ಅದೇ ವರ್ಷ ಹಲ್ ಹೌಸಿನವರು ಮನೆಮನೆಗೆ ಹೋಗಿ ವಾರದ ಕೂಲಿ ಎಷ್ಟು, ಯಾವ ದೇಶದಿಂದ ಬಂದವರು ಎಂದು ವಿಚಾರಿಸಿ ಬರೆದುಕೊಂಡದ್ದನ್ನು ಬಣ್ಣದ ನಕ್ಷೆಗಳಾಗಿ ಪ್ರಕಟಿಸಿದರು.

ಹಲ್ ಹೌಸಿನಲ್ಲಿದ್ದ ಫ್ಲಾರೆನ್ಸ್ ಕೆಲ್ಲಿ ಕಲೆಹಾಕಿದ ಪುರಾವೆಗಳ ಬಲದಿಂದ 1893ರಲ್ಲಿ ಇಲಿನಾಯ್ ರಾಜ್ಯ ಕಾರ್ಖಾನೆ ಕಾಯ್ದೆ ತಂದಿತು. 14 ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆಯ ಕೆಲಸಕ್ಕೆ ಇಟ್ಟುಕೊಳ್ಳಬಾರದು, ಹೆಂಗಸರಿಗೆ ದಿನಕ್ಕೆ ಎಂಟು ಗಂಟೆ ಮೀರಿ ಕೆಲಸ ಹೇಳಬಾರದು ಎಂದು ವಿಧಿಸಿತು. ಎರಡೇ ವರ್ಷದಲ್ಲಿ ನ್ಯಾಯಾಲಯ ಎಂಟು ಗಂಟೆಯ ನಿಯಮವನ್ನು ಹೊಡೆದುಹಾಕಿತು. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದಾಗ ಹೊರಬರುವ ಬಾಗಿಲಿಗೆ ಬೀಗ ಹಾಕಿತ್ತು. ಸತ್ತ 146 ಮಂದಿಯಲ್ಲಿ ಹೆಚ್ಚಿನವರು ವಲಸೆ ಬಂದ ಎಳೆಯ ಹೆಣ್ಣುಮಕ್ಕಳು. ಆ ಸಾವುಗಳ ನಂತರವೇ ನ್ಯೂಯಾರ್ಕ್ ರಾಜ್ಯ ಕಾರ್ಖಾನೆಗಳ ಸುರಕ್ಷತೆಗೆ ಒಂದರ ಮೇಲೊಂದು ಕಾಯ್ದೆ ಮಾಡಿತು. ರೈತರ ಪಕ್ಷವೊಂದು 1892ರಲ್ಲಿ ಕೇಳಿದ್ದ ವರಮಾನ ತೆರಿಗೆಯೂ ಸೆನೆಟ್‌ಗೆ ನೇರ ಚುನಾವಣೆಯೂ 1913ರಲ್ಲಿ ಸಂವಿಧಾನ ಸೇರಿದವು. ಮಹಿಳೆಯರ ಮತದಾನದ ಹಕ್ಕಿಗೆ ಇಡೀ ದೇಶದಲ್ಲಿ ಸಂವಿಧಾನದ ರಕ್ಷೆ ಸಿಕ್ಕಿದ್ದು 1920ರಲ್ಲಿ.

ಅದೇ ಶಿಕಾಗೋ ನಗರದಿಂದ 1979ರಲ್ಲಿ ಒಬ್ಬ ಕನ್ನಡಿಗ ಎಂಜಿನಿಯರ್ ಊರಿಗೆ ಮರಳಿದರು. ಅವರು ಎಸ್.ಆರ್. ಹಿರೇಮಠ. ಅಮೆರಿಕದಲ್ಲಿ ಓದಿ, ಕೆಲಸ ಮಾಡಿ, ಅಲ್ಲಿಯೇ ಗೆಳೆಯರೊಂದಿಗೆ ‘ಇಂಡಿಯಾ ಡೆವಲಪ್‌ಮೆಂಟ್ ಸರ್ವೀಸ್’ ಕಟ್ಟಿದ್ದ ಅವರು ನೆಲೆಸಿದ್ದು ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿ ಸುತ್ತಿನ ಹಳ್ಳಿಗಳಲ್ಲಿ. ಅದು ಹರಿಹರಕ್ಕೆ ಹತ್ತಿರದ ಸೀಮೆ.

ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಶುರುವಾಗಿತ್ತು. ಅಲ್ಲಿ ತಯಾರಾಗುವುದು ರೇಯಾನ್ ಬಟ್ಟೆಗೆ ಬೇಕಾದ ಮರದ ತಿರುಳು. ನೀಲಗಿರಿ ದಿಮ್ಮಿಗಳನ್ನು ಚಕ್ಕೆ ಮಾಡಿ, ದೊಡ್ಡ ಕೊಳಗಗಳಲ್ಲಿ ರಾಸಾಯನಿಕಗಳೊಂದಿಗೆ ಒತ್ತಡದಲ್ಲಿ ಬೇಯಿಸುತ್ತಾರೆ. ಮರದ ನಾರನ್ನು ಹಿಡಿದಿಟ್ಟ ಅಂಟು ಕರಗಿ ಕಪ್ಪು ರಸವಾಗುತ್ತದೆ. ಉಳಿದ ನಾರನ್ನು ತೊಳೆದು ಬಿಳುಪು ಮಾಡುತ್ತಾರೆ. ಈ ತೊಳೆತಕ್ಕೆ ಬೇಕಾಗುವ ನೀರು ಅಪಾರ. ಬಳಸಿದ ನೀರನ್ನು ಸರಿಯಾಗಿ ಶುದ್ಧಿ ಮಾಡದೆ ಹೊಳೆಗೆ ಬಿಟ್ಟರೆ, ಅದರಲ್ಲಿರುವ ಸಾವಯವ ಕೊಳೆ ಕೊಳೆಯುತ್ತಾ ನೀರಿನ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಮೀನು ಉಸಿರುಗಟ್ಟಿ ಸಾಯುತ್ತವೆ. ಬೇಸಿಗೆಯಲ್ಲಿ ಹರಿವು ತಗ್ಗಿದಾಗ ಕೆಡುಕು ಇನ್ನೂ ಹೆಚ್ಚು.

ಕೆಳದಂಡೆಯ ಹಳ್ಳಿಗಳ ಜನ ಹೇಳಿದ್ದೂ ಇದನ್ನೇ. ನೀರಿನ ಬಣ್ಣ ಕೆಟ್ಟಿದೆ, ನಾತ ಬರುತ್ತದೆ, ಮೀನು ಸಾಯುತ್ತಿವೆ, ದನಕರುಗಳಿಗೆ ಕುಡಿಸುವಂತಿಲ್ಲ ಎಂದು ದೂರಿದರು. ಬಲೆ ಬೀಸಿ ಬದುಕುತ್ತಿದ್ದ ಮನೆಗಳ ಅನ್ನಕ್ಕೇ ಸಂಚಕಾರ ಬಂತು. 1984ರಲ್ಲಿ ಹಿರೇಮಠರು ಮತ್ತು ಸಂಗಾತಿಗಳು ‘ಸಮಾಜ ಪರಿವರ್ತನ ಸಮುದಾಯ’ ಕಟ್ಟಿ ಹಳ್ಳಿಗರ ಜೊತೆ ನಿಂತರು. ಮನವಿ, ಧರಣಿ, ಮೊಕದ್ದಮೆ ಎಲ್ಲವೂ ನಡೆದವು.

ನೀರಿನ ಜಗಳ ನೆಲಕ್ಕೂ ಹಬ್ಬಿತು. ಕಾರ್ಖಾನೆಗೆ ಮರ ಬೇಕು, ಮರಕ್ಕೆ ಭೂಮಿ ಬೇಕು. ಸರ್ಕಾರ ಮತ್ತು ಕಂಪನಿ ಸೇರಿ ‘ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್’ ಎಂಬ ಜಂಟಿ ಸಂಸ್ಥೆ ಮಾಡಿಕೊಂಡವು. ಧಾರವಾಡ, ಶಿವಮೊಗ್ಗ ಮೊದಲಾದ ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್ ಭೂಮಿಯನ್ನು ನೀಲಗಿರಿ ತೋಪಿಗೆ ಕೊಡುವುದು ಯೋಜನೆ. ಹೊನ್ನಾಳಿ, ಚನ್ನಗಿರಿ ಆಗ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಯೋಜನೆಗೆ ಗುರುತಿಸಿದ್ದು ಊರವರ ದನ ಮೇಯುವ, ಹೆಂಗಸರು ಸೌದೆ ಸೊಪ್ಪು ತರುವ ಸರ್ಕಾರಿ ಜಮೀನು.

ಈ ಯೋಜನೆಯ ವಿರುದ್ಧ ಕೋಟ ಶಿವರಾಮ ಕಾರಂತರು ಮತ್ತು ಸಂಗಡಿಗರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಸಿದರು. ನೀಲಗಿರಿ ಸಸಿ ಕಿತ್ತರು, ಅದೇ ಗುಂಡಿಗಳಲ್ಲಿ ಹಣ್ಣು, ಮೇವು, ಸೌದೆ ಕೊಡುವ ಸಸಿ ಹಚ್ಚಿದರು. ಕಿತ್ತು ಸುಮ್ಮನಾಗದೆ ತಮಗೆ ಏನು ಬೇಕೆಂಬುದನ್ನೂ ನೆಲದಲ್ಲಿ ನೆಟ್ಟು ತೋರಿಸಿದ್ದು ಆ ಹೋರಾಟದ ಹಿರಿಮೆ. 1991ರ ಹೊತ್ತಿಗೆ ಜಂಟಿ ಸಂಸ್ಥೆಯನ್ನು ಮುಚ್ಚುವ ತೀರ್ಮಾನವಾಯಿತು.

ಈ ಹೋರಾಟಕ್ಕೆ ಈ ಭಾಗದಲ್ಲಿ ಮೊದಲೇ ಹದವಾದ ನೆಲವಿತ್ತು. 1951ರ ಕಾಗೋಡು ಸತ್ಯಾಗ್ರಹ ಗೇಣಿದಾರರ ಪ್ರಶ್ನೆಯನ್ನು ರಾಜ್ಯದ ರಾಜಕೀಯದ ನಡುವಿಗೆ ತಂದಿತ್ತು. ಅಲ್ಲಿಂದ ಬೆಳೆದ ಸಮಾಜವಾದಿ ಪರಂಪರೆಯವರು ಚನ್ನಗಿರಿ ತಾಲ್ಲೂಕು ಕಾರಿಗನೂರಿನ ಜೆ.ಎಚ್. ಪಟೇಲರು. 1967ರಲ್ಲಿ ಲೋಕಸಭೆಗೆ ಹೋಗಿ ಕನ್ನಡದಲ್ಲಿ ಮಾತಾಡಿದವರು, ಮುಖ್ಯಮಂತ್ರಿಯಾಗಿ 1997ರಲ್ಲಿ ದಾವಣಗೆರೆ ಜಿಲ್ಲೆಯನ್ನು ಮಾಡಿದವರು. ಜಗಳೂರಿನ ಜೆ. ಮೊಹಮದ್ ಇಮಾಂ 1957ರಲ್ಲಿ ಚಿತ್ರದುರ್ಗದಿಂದ ಪ್ರಜಾ ಸಮಾಜವಾದಿ ಪಕ್ಷದ ಸಂಸದರಾಗಿ ಆರಿಸಿಬಂದಿದ್ದರು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ದಾವಣಗೆರೆಯ ಹತ್ತಿ ಗಿರಣಿಗಳ ಕಾರ್ಮಿಕರು ಕಮ್ಯುನಿಸ್ಟ್ ಮುಖಂಡ ಪಂಪಾಪತಿಯವರ ಹಿಂದೆ ನಿಂತರು. ಅವರು ಮೂರು ಬಾರಿ ಶಾಸಕರಾದರು. ರೈತ, ಕೂಲಿಕಾರ, ಗೇಣಿದಾರ ತಮ್ಮ ಮಾತನ್ನು ಸದನಕ್ಕೆ ಮುಟ್ಟಿಸುವ ದಾರಿ ಈ ಸೀಮೆಗೆ ಹೊಸದಲ್ಲ.

ಎರಡು ದೇಶಗಳ ಕತೆಯಲ್ಲಿ ದೊಡ್ಡ ವ್ಯತ್ಯಾಸವೊಂದಿದೆ. ಅಮೆರಿಕದಲ್ಲಿ ಶಾಸನಸಭೆಗಳು ಕಾಯ್ದೆ ಮಾಡಿದರೆ ನ್ಯಾಯಾಲಯಗಳು ಹಲವು ಸಲ ತಡೆಯುತ್ತಿದ್ದವು. ಬೇಕರಿ ಕೆಲಸಗಾರರ ದುಡಿಮೆಗೆ ಮಿತಿ ಹಾಕಿದ ನ್ಯೂಯಾರ್ಕ್ ಕಾಯ್ದೆಯನ್ನು 1905ರಲ್ಲಿ, ಬಾಲಕಾರ್ಮಿಕರನ್ನು ಕುರಿತ 1916ರ ಕೇಂದ್ರ ಕಾಯ್ದೆಯನ್ನು 1918ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ರದ್ದುಮಾಡಿತು. ನಮ್ಮಲ್ಲಿ ಜಲಮಾಲಿನ್ಯ ತಡೆ ಕಾಯ್ದೆ 1974ರಲ್ಲೇ ಬಂತು, ಮಾಲಿನ್ಯ ನಿಯಂತ್ರಣ ಮಂಡಳಿಯೂ ಬಂತು. ಆದರೆ ಕಾಯ್ದೆಯನ್ನು ಜಾರಿಗೆ ತರಿಸಲು ಜನ ಕೋರ್ಟಿಗೆ ಅಲೆಯಬೇಕಾಯಿತು. ಬಳ್ಳಾರಿಯ ಅದಿರಿನ ಲೂಟಿಯಲ್ಲೂ ನಡೆದದ್ದು ಇದೇ. ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಅಲ್ಲಿ ಗಣಿಗಾರಿಕೆ ನಿಲ್ಲಿಸಿತು, 2013ರಲ್ಲಿ ಭಾರಿ ಅಕ್ರಮ ಎಸಗಿದ ಗುತ್ತಿಗೆಗಳನ್ನು ರದ್ದುಪಡಿಸಿತು.

ದೇಶ ಯಾವುದೇ ಇರಲಿ, ಕೆಟ್ಟದ್ದನ್ನು ಮೊದಲು ಕಂಡವರು ಹತ್ತಿರದಲ್ಲಿದ್ದವರೇ. ಶಿಕಾಗೋದಲ್ಲಿ ಅವರು ಮನೆಮನೆಯ ಲೆಕ್ಕ ಬರೆದರು. ಚನ್ನಗಿರಿಯಲ್ಲಿ ಖಡ್ಗ ಸಂಘದ ಯುವಕರು ಸೂಳೆಕೆರೆಯ ಸರ್ವೆ ಆಗಲಿ, ಗಡಿ ಗುರುತಿಸಲಿ, ಒತ್ತುವರಿ ತೆರವಾಗಲಿ ಎಂದು ಹೋರಾಡಿದರು. ಸುಮಾರು 6,500 ಎಕರೆ ಹರವಿನ ಆ ಕೆರೆ ಚನ್ನಗಿರಿ, ಚಿತ್ರದುರ್ಗದ ಜನರಿಗೆ ಕುಡಿಯುವ ನೀರು ಕೊಡುತ್ತದೆ. ಹೊನ್ನಾಳಿ, ನ್ಯಾಮತಿಯ ಹೊಳೆಯಂಚಿನಲ್ಲಿ ಎಷ್ಟು ಮರಳು ಎತ್ತಲು ಅನುಮತಿಯಿದೆ, ಎಷ್ಟು ಎತ್ತಲಾಗುತ್ತಿದೆ, ಜಗಳೂರಿನ ಕೆರೆಗೆ ಬಂದ ನೀರಿನ ಗುಣಮಟ್ಟ ಹೇಗಿದೆ ಎಂಬ ಲೆಕ್ಕವನ್ನೂ ಊರವರು ಕೇಳಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅದಕ್ಕೆ ಹತ್ತು ರೂಪಾಯಿಯ ಶುಲ್ಕದೊಂದಿಗೆ ಒಂದು ಅರ್ಜಿ ಸಾಕು. ಅಧಿಕಾರಿಗಳು ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಆ ಉತ್ತರವನ್ನು ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ಓದಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಲು ಕೇಳಬಹುದು.