ಮೂಗಿನ ಆಪರೇಷನ್ ಆದ ಮೇಲೆ: ಕೇಳಿದ ಮಾತು, ನಿಜವಾದ ಸಂಗತಿ

ಮೂಗಿನ ನಡುಗೋಡೆ ಸೊಟ್ಟಗಿದೆ ಅಂತಲೋ, ಸೈನಸ್ ತುಂಬಿ ತಲೆ ಸಿಡಿಯುತ್ತಿದೆ ಅಂತಲೋ, ಮೂಗಿನಲ್ಲಿ ದುರ್ಮಾಂಸ ಬೆಳೆದಿದೆ ಅಂತಲೋ ಆಪರೇಷನ್ ಬರೆದುಕೊಟ್ಟರೆ ನಮ್ಮ ತೆಲಂಗಾಣ–ಕರ್ನಾಟಕ ಗಡಿಭಾಗದ ಜನ ಊರು ಬಿಟ್ಟು ಹೊರಡುತ್ತಾರೆ. ನಾರಾಯಣಪೇಟೆ, ಮಖ್ತಲ್ ಕಡೆಯವರು ಕೃಷ್ಣೆ ದಾಟಿ ರಾಯಚೂರಿಗೆ, ಇಲ್ಲವೇ ಮಹಬೂಬ್‌ನಗರದ ಮೇಲೆ ಹಾಯ್ದು ಹೈದರಾಬಾದಿಗೆ. ಗದ್ವಾಲ್‌ನವರಿಗೆ ರಾಯಚೂರೂ ಹತ್ತಿರ, ಕರ್ನೂಲೂ ಹತ್ತಿರ. ಆಪರೇಷನ್‌ಗೆ ಹೇಗೋ ದುಡ್ಡು ಹೊಂದಿಸುತ್ತಾರೆ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗುತ್ತಾರೆ. ತಪ್ಪಿಹೋಗುವುದು ಆಮೇಲಿನ ರಿವ್ಯೂ. ಮೂಗಿನ ವಿಷಯದಲ್ಲಿ ಅದು ಸಣ್ಣ ತಪ್ಪಲ್ಲ. ಕೈ ಮೇಲಿನ ಗಾಯ ಕಣ್ಣೆದುರೇ ಮಾಯುತ್ತದೆ, ಮೂಗಿನೊಳಗಿನ ಗಾಯವನ್ನು ಡಾಕ್ಟರು ದುರ್ಬೀನು (ಎಂಡೋಸ್ಕೋಪ್) ಹಾಕಿ ನೋಡದ ಹೊರತು ಯಾರಿಗೂ ಕಾಣುವುದಿಲ್ಲ.

“ಉಸಿರು ಸಲೀಸ ಆಡ್ಲಿಕತ್ತದ, ಮತ್ಯಾಕ ಹೋಗ್ಬೇಕು?”

ಇದರ ತದ್ವಿರುದ್ಧದ ಮಾತೂ ಅಷ್ಟೇ ಸಲ ಕಿವಿಗೆ ಬೀಳುತ್ತದೆ: “ಮೂಗು ಮೊದಲಿಗಿಂತ ಜಾಸ್ತಿ ಕಟ್ಟ್ಯದ, ಆಪರೇಷನ್ ಕೆಟ್ಟದ.” ಒಬ್ಬರು ಗುಣವಾಯಿತೆಂದು ಹೋಗುವುದಿಲ್ಲ, ಇನ್ನೊಬ್ಬರು ಕೆಟ್ಟಿತೆಂದು ಹೋಗುವುದಿಲ್ಲ. ಇಬ್ಬರೂ ಉಸಿರಾಟವೊಂದನ್ನೇ ನೋಡಿ ತೀರ್ಮಾನಕ್ಕೆ ಬಂದಿದ್ದಾರೆ.

ಮೊದಲ ಒಂದೆರಡು ವಾರ ಮೂಗು ಕಟ್ಟಿಕೊಳ್ಳುವುದು ಸಹಜ. ಒಳಪೊರೆ ಬಾತುಕೊಂಡಿರುತ್ತದೆ, ರಕ್ತ ಮತ್ತು ಸಿಂಬಳ ಒಣಗಿ ಹಕ್ಕಳೆ ಕಟ್ಟಿರುತ್ತದೆ. ಆರೋಗ್ಯವಂತ ಮೂಗಿನೊಳಗೆ ಕಣ್ಣಿಗೆ ಕಾಣದ ರೋಮಗಳು ಸಿಂಬಳವನ್ನು ಹಿಂದಕ್ಕೆ, ಗಂಟಲ ಕಡೆಗೆ ತಳ್ಳುತ್ತಲೇ ಇರುತ್ತವೆ. ಸೈನಸ್‌ನೊಳಗೂ ಸಿಂಬಳ ಎತ್ತೆತ್ತಲೋ ಹರಿಯದೆ ತನ್ನ ಸಹಜ ಬಾಗಿಲ ಕಡೆಗೇ ಸಾಗುತ್ತದೆ ಎಂಬುದನ್ನು ಆಸ್ಟ್ರಿಯಾದ ಗ್ರಾಜ್ ನಗರದ ವೈದ್ಯ ವಾಲ್ಟರ್ ಮೆಸ್ಸರ್‌ಕ್ಲಿಂಗರ್ ತೋರಿಸಿಕೊಟ್ಟರು. ಇಂದು ಎಲ್ಲೆಡೆ ಮಾಡುವ ದುರ್ಬೀನಿನ ಸೈನಸ್ ಆಪರೇಷನ್ ನಿಂತಿರುವುದು ಆ ತಿಳಿವಳಿಕೆಯ ಮೇಲೆ. ಆಪರೇಷನ್ ಆದ ಮೇಲೆ ಆ ರೋಮಗಳು ಕೆಲವು ವಾರ ಸರಿಯಾಗಿ ಕೆಲಸ ಮಾಡುವುದಿಲ್ಲ. ತಳ್ಳುವವರಿಲ್ಲದ ಸಿಂಬಳ ಇದ್ದಲ್ಲೇ ಒಣಗುತ್ತದೆ. ಹಕ್ಕಳೆ ಎರಡು ಹಸಿಗಾಯದ ನಡುವೆ ಸೇತುವೆಯಂತೆ ಕೂತರೆ ಆ ಎರಡೂ ಕಡೆ ಒಂದಕ್ಕೊಂದು ಅಂಟಿ ಬೆಳೆಯುತ್ತವೆ. ತೆರೆದ ಬಾಗಿಲು ಮತ್ತೆ ಮುಚ್ಚುತ್ತದೆ. ಈ ಅಂಟು ಎಳೆಯದಾಗಿದ್ದಾಗ ಬಿಡಿಸುವುದು ಕ್ಷಣದ ಕೆಲಸ, ಗಟ್ಟಿಯಾದ ಮೇಲೆ ಇನ್ನೊಂದು ಆಪರೇಷನ್ ಬೇಕಾಗಬಹುದು. ಅಂಟು ಬೆಳೆಯುವಾಗ ನೋವಿರುವುದಿಲ್ಲ, ಉಸಿರೂ ಚೆನ್ನಾಗಿಯೇ ಆಡುತ್ತಿರಬಹುದು.

ಹಾಗಾದರೆ ರಿವ್ಯೂ ದಿನ ನಡೆಯುವುದೇನು? ಮರಗಟ್ಟಿಸುವ ಔಷಧದಲ್ಲಿ ಅದ್ದಿದ ಹತ್ತಿಯನ್ನು ಮೂಗಿನಲ್ಲಿಟ್ಟು ಹೊರಗೆ ಬೆಂಚಿನ ಮೇಲೆ ಕೂರಿಸುತ್ತಾರೆ. ಸ್ವಲ್ಪ ಹೊತ್ತಿಗೆ ಮೇಲ್ತುಟಿ, ಹಲ್ಲು ಜೋಮು ಹಿಡಿದಂತಾಗುತ್ತವೆ, ಗಂಟಲಿಗೆ ಕಹಿ ಇಳಿಯುತ್ತದೆ. ಅದಕ್ಕೆ ಗಾಬರಿ ಬೇಡ. ಆಮೇಲೆ ಸುಮಾರು 4 ಮಿಲಿಮೀಟರ್ ದಪ್ಪದ ದುರ್ಬೀನನ್ನು ಮೆಲ್ಲಗೆ ಒಳಗೆ ಬಿಟ್ಟು, ಪರದೆಯ ಮೇಲೆ ನೋಡುತ್ತಾ ಸಣ್ಣ ನಳಿಗೆಯಿಂದ ಸಿಂಬಳ ಹೀರುತ್ತಾರೆ, ಚಿಮಟದಲ್ಲಿ ಹಕ್ಕಳೆ ಎತ್ತುತ್ತಾರೆ. ಕೆಲವೊಮ್ಮೆ ಹೆಬ್ಬೆರಳ ಗಾತ್ರದ ಹಕ್ಕಳೆ ಇಡಿಯಾಗಿ ಹೊರಬರುತ್ತದೆ. ಕಣ್ಣಲ್ಲಿ ನೀರು ತುಂಬುತ್ತದೆ, ಆದರೆ ತಡೆಯಲಾಗದ ನೋವೇನಲ್ಲ. ಈ ಕೆಲಸವನ್ನು ಮನೆಯಲ್ಲಿ ಬೆರಳಿನಿಂದಲೋ ಕಡ್ಡಿಯಿಂದಲೋ ಮಾಡಹೋದರೆ ಹೊಸ ಗಾಯ, ಹೊಸ ರಕ್ತ. ಮೊದಲ ರಿವ್ಯೂ ಸಾಮಾನ್ಯವಾಗಿ ಒಂದು ವಾರದ ಆಸುಪಾಸಿಗೆ, ಆಮೇಲಿನವು ಗಾಯ ಮಾಯುವುದನ್ನು ನೋಡಿಕೊಂಡು. ಸೈನಸ್ ಆಪರೇಷನ್ ಆದವರ ಒಳಪೊರೆ ಪೂರ್ತಿ ಸರಿಹೋಗಲು 6ರಿಂದ 12 ವಾರ ಹಿಡಿಯುತ್ತದೆ.

“ಪಟ್ಟಿ ತಗ್ಯಾದೇನು ದೊಡ್ಡ ಕೆಲಸ? ಊರಾಗಿನ ಆರ್‌ಎಂಪಿ ತಗೀತಾನ”

ಇದನ್ನು ಮಾತ್ರ ಯಾರೂ ಮಾಡಬಾರದು. ರಕ್ತ ನಿಲ್ಲಲು ಮೂಗಿಗೆ ತುಂಬುವ ಪ್ಯಾಕ್ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತೆಗೆಯುವಂಥದ್ದು. ತೆಗೆದ ಕೂಡಲೇ ರಕ್ತ ಚಿಮ್ಮಿದರೆ ತಡೆಯಲು ಸಲಕರಣೆ ಕೈಗೆ ಸಿಗುವಂತಿರಬೇಕು. ನಡುಗೋಡೆ ಸರಿಪಡಿಸಿದವರಲ್ಲಿ ಹಲವರಿಗೆ ಎರಡೂ ಕಡೆ ಸಿಲಿಕೋನ್ ಹಾಳೆ ಇಟ್ಟು ನಡುವೆ ಹೊಲಿಗೆ ಹಾಕಿರುತ್ತಾರೆ. ದಾರ ಕತ್ತರಿಸದೆ ಎಳೆದರೆ ಸರಿಮಾಡಿದ ಗೋಡೆಯೇ ಹರಿಯುತ್ತದೆ. ಒಳಗೇನಿಟ್ಟಿದ್ದಾರೆ ಎಂಬುದು ಗೊತ್ತಿರುವುದು ಇಟ್ಟವರಿಗೆ. ಪ್ಯಾಕನ್ನು ಮರೆತು ವಾರಗಟ್ಟಲೆ ಒಳಗೇ ಬಿಟ್ಟರೆ ಸೋಂಕು ತಗಲಬಹುದು.

ದೂರದ ತೊಂದರೆ ನಿಜ, ಅದನ್ನು ತಳ್ಳಿಹಾಕುವಂತಿಲ್ಲ. ಆದರೂ ಈಗ ದಾರಿಗಳು ಹೆಚ್ಚಿವೆ. 2023ರ ಅಕ್ಟೋಬರ್ 1ರಂದು ಜಕ್ಲೇರ್–ಕೃಷ್ಣಾ ಹೊಸ ರೈಲುಮಾರ್ಗ ಉದ್ಘಾಟನೆಯಾಗಿ, ಕಾಚಿಗೂಡ–ರಾಯಚೂರು ರೈಲು ಶುರುವಾಯಿತು. ನಾರಾಯಣಪೇಟೆ ಜಿಲ್ಲೆಯವರಿಗೆ ಎರಡೂ ದಿಕ್ಕಿನ ಆಸ್ಪತ್ರೆಗೂ ಅದು ಒದಗುತ್ತದೆ. 2024ರಲ್ಲಿ ನಾರಾಯಣಪೇಟೆಯಲ್ಲೂ ಗದ್ವಾಲ್‌ನಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಆರಂಭವಾಗಿವೆ. ಮೊದಲ ಒಂದೆರಡು ರಿವ್ಯೂ ಆಪರೇಷನ್ ಮಾಡಿದವರ ಬಳಿಯೇ ಆಗಲಿ. ಮುಂದಿನವನ್ನು ಹತ್ತಿರದ ಇಎನ್‌ಟಿ ಡಾಕ್ಟರ ಹತ್ತಿರ ತೋರಿಸಬಹುದೇ ಎಂದು ಅವರನ್ನೇ ಕೇಳಿ, ಒಪ್ಪಿದರೆ ಚೀಟಿ ಬರೆಸಿಕೊಳ್ಳಿ. ಮೊದಲ ವಾರಗಳಲ್ಲಿ ಬೈಕ್‌ಗಿಂತ ಬಸ್ಸು, ರೈಲು ವಾಸಿ. ಧೂಳು ಕಡಿಮೆ, ಕುಲುಕಾಟವೂ ಕಡಿಮೆ.

“ಬ್ಯಾಳಿ ತಿಂದ್ರ ಕೀವು ಆಗ್ತದ, ಬದನಿಕಾಯಿ ನಂಜು”

ಕನ್ನಡ ಮನೆಯಲ್ಲೂ ತೆಲುಗು ಮನೆಯಲ್ಲೂ ಒಂದೇ ಪಥ್ಯ: ಆಪರೇಷನ್ ಆದವರಿಗೆ ಬೇಳೆ ಬೇಡ. ತೊಗರಿ ಬೆಳೆಯುವ ನಾಡಿನಲ್ಲಿ ರೋಗಿಯ ತಟ್ಟೆಯಿಂದ ಬೇಳೆಯನ್ನೇ ತೆಗೆದುಬಿಡುವುದು ನೋಡಿದರೆ ಸಂಕಟವಾಗುತ್ತದೆ. ಕೀವು ಆಗುವುದು ರೋಗಾಣುಗಳಿಂದ. ಬೇಳೆಯಲ್ಲಿರುವ ಪ್ರೋಟೀನ್ ಗಾಯ ಮಾಯಲು ಬೇಕಾದದ್ದೇ. ಬರೀ ಗಂಜಿ, ಬ್ರೆಡ್ಡು ತಿಂದವರಿಗೆ ಮಲಬದ್ಧತೆ ಆಗುತ್ತದೆ, ತಿಣುಕಿದರೆ ತಲೆಯ ಕಡೆ ಒತ್ತಡ ಏರಿ ಮೂಗಿನಿಂದ ರಕ್ತ ಒಸರುತ್ತದೆ. ಬೇಳೆಕಟ್ಟು, ಸೊಪ್ಪು, ಮೊಟ್ಟೆ, ಮಜ್ಜಿಗೆ ಎಲ್ಲ ಕೊಡಬಹುದು. ಬದನೆಕಾಯಿಯಾಗಲಿ ಬೇರೇನೇ ಆಗಲಿ, ಒಂದು ನಿರ್ದಿಷ್ಟ ತಿನಿಸು ಅಲರ್ಜಿ ಎಂದು ಮೊದಲೇ ಗೊತ್ತಿದ್ದವರು ಅದೊಂದನ್ನು ಬಿಟ್ಟರೆ ಸಾಕು. ಗಟ್ಟಿ ಜೋಳದ ರೊಟ್ಟಿ ಅಗಿಯಲು ಕಷ್ಟವಾದರೆ ಬೇಳೆಯಲ್ಲಿ ನೆನೆಸಿ ತಿನ್ನಲಿ. ಮೊದಲ ಕೆಲವು ದಿನ ಬಿಡಬೇಕಾದದ್ದು ಕುದಿಯುವ ಬಿಸಿ ಚಹಾ, ವಿಪರೀತ ಖಾರ, ಹೆಂಡ, ಬೀಡಿ ಸಿಗರೇಟು. ನಶ್ಯದ ಡಬ್ಬಿಯನ್ನಂತೂ ಮತ್ತೆ ಮುಟ್ಟಲೇಬಾರದು.

ಮನೆಮದ್ದಿನ ವಿಷಯವೂ ಇಲ್ಲೇ ಬರುತ್ತದೆ. ಮೂಗು ಕಟ್ಟಿತೆಂದು ಬಾಮ್ ಹಾಕಿ ಕಂಬಳಿ ಹೊದ್ದು ಹಬೆ ತೆಗೆದುಕೊಳ್ಳುವುದು, ಎಣ್ಣೆಯನ್ನೋ ತುಪ್ಪವನ್ನೋ ಹನಿಸುವುದು ಡಾಕ್ಟರು ಹೇಳದೆ ಬೇಡ. ಬಿಸಿಗೆ ರಕ್ತನಾಳಗಳು ಹಿಗ್ಗುತ್ತವೆ, ಹಸಿಗಾಯ ಸುಡುತ್ತದೆ. ಎಣ್ಣೆ ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಇಳಿಯಬಹುದು.

ಡಾಕ್ಟರು ಹೇಳುವ ಮನೆಯ ಕೆಲಸ ಉಪ್ಪುನೀರಿನಲ್ಲಿ ಮೂಗು ತೊಳೆಯುವುದು. ಇದರಲ್ಲೂ ಒಂದು ತಪ್ಪು ನಂಬಿಕೆ ಸೇರಿಕೊಂಡಿದೆ: ಕ್ಯಾನಿನ ಫಿಲ್ಟರ್ ನೀರು ಶುದ್ಧ, ಹಾಗೇ ಬಳಸಬಹುದು ಎಂಬುದು. ಕುಡಿಯಲು ಅಡ್ಡಿಯಿಲ್ಲದ ನೀರು ಮೂಗಿಗೂ ಸೈ ಎನ್ನುವಂತಿಲ್ಲ. ನೀಗ್ಲೇರಿಯಾ ಎಂಬ ಅಮೀಬಾ ಮೂಗಿನ ಮೂಲಕ ಮಿದುಳಿಗೆ ಏರುತ್ತದೆ. ಬಲು ಅಪರೂಪ, ಆದರೆ ಬಂದರೆ ಬದುಕುಳಿಯುವವರು ವಿರಳ. ಕೇರಳದಲ್ಲಿ 2024ರಲ್ಲೂ 2025ರಲ್ಲೂ ಅಮೀಬಾದ ಮಿದುಳು ಸೋಂಕಿನ ಪ್ರಕರಣಗಳು ಸುದ್ದಿಯಾದವು. ಆದ್ದರಿಂದ ನೀರು ಯಾವುದೇ ಇರಲಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷವಾದರೂ ಕುದಿಸಿ, ಉಗುರುಬೆಚ್ಚಗಾಗುವವರೆಗೆ ಮುಚ್ಚಿಡಿ. ಕಾಲು ಲೀಟರಿಗೆ ಅರ್ಧ ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ಮೆಡಿಕಲ್ ಶಾಪಿನಲ್ಲಿ ಸಿದ್ಧ ಪೊಟ್ಟಣವೂ ಸಿಗುತ್ತದೆ. ಯಾವತ್ತಿನಿಂದ ಶುರು, ದಿನಕ್ಕೆ ಎಷ್ಟು ಸಲ ಎಂಬುದು ಚೀಟಿಯಲ್ಲಿರುವಂತೆ. ಬಾಟಲಿಯನ್ನು ಪ್ರತಿಸಲ ತೊಳೆದು ಒಣಗಿಸಬೇಕು. ಹೊಳೆಯ ನೀರಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ಆಪರೇಷನ್ ಚೆನ್ನಾಗಿ ಆಗಲೆಂದು ಹರಕೆ ಹೊತ್ತವರು ಕೃಷ್ಣೆಯ ಕ್ಷೇತ್ರಗಳಾದ ಕುರುವಪುರಕ್ಕೋ ಬೀಚುಪಲ್ಲಿಗೋ ಹೋಗಲಿ, ದರ್ಶನ ಮಾಡಲಿ. ಹೊಳೆಯಲ್ಲಿ ಮುಳುಗು ಹಾಕುವುದನ್ನು ಮಾತ್ರ ಡಾಕ್ಟರು ಒಪ್ಪುವವರೆಗೆ ಮುಂದಕ್ಕೆ ಹಾಕಲಿ.

“ರಕ್ತ ಬಂದ್ರ ತಲಿ ಹಿಂದಕ್ಕ ಮಾಡು, ನೆತ್ತಿಗಿ ನೀರು ಹಾಕು”

ತಲೆ ಹಿಂದಕ್ಕೆ ಹಾಕಿದರೆ ರಕ್ತ ನಿಲ್ಲುವುದಿಲ್ಲ, ಗಂಟಲಿಗಿಳಿದು ಹೊಟ್ಟೆ ಸೇರುತ್ತದೆ. ಆಮೇಲೆ ಕಪ್ಪಗೆ ವಾಂತಿಯಾಗುತ್ತದೆ, ಎಷ್ಟು ಹೋಯಿತೆಂದೂ ತಿಳಿಯುವುದಿಲ್ಲ. ನೆಟ್ಟಗೆ ಕೂತು, ತುಸು ಮುಂದಕ್ಕೆ ಬಾಗಿ, ಮೂಗಿನ ಮೆತ್ತನೆಯ ತುದಿಭಾಗವನ್ನು ಎರಡು ಬೆರಳಲ್ಲಿ ಹಿಡಿದು, ಬಾಯಲ್ಲಿ ಉಸಿರಾಡುತ್ತಾ 10–15 ನಿಮಿಷ ಬಿಡದೆ ಒತ್ತಬೇಕು. ನಡುವೆ ಬಿಟ್ಟು ಬಿಟ್ಟು ನೋಡಬಾರದು. ಬಾಯಿಗೆ ಬಂದದ್ದನ್ನು ಉಗುಳಬೇಕು.

ಮೊದಲ ದಿನಗಳಲ್ಲಿ ಸಿಂಬಳದೊಂದಿಗೆ ಕೆಂಪು, ಕಂದು ಬಣ್ಣ ಬರುವುದು ಸಾಮಾನ್ಯ. ಒಂದು ವಾರದ ಸುಮಾರಿಗೆ, ಎಲ್ಲ ಸರಿಹೋಯಿತು ಅನ್ನುವ ಹೊತ್ತಿಗೆ ಜೋರಾಗಿ ರಕ್ತ ಬರುವ ಸಂಭವವೂ ಇದೆ. ನೇಕಾರರು ಮಗ್ಗಕ್ಕೆ ಇಳಿಯುವುದು, ರೈತರು ಚೀಲ ಎತ್ತುವುದು ಹೆಚ್ಚಾಗಿ ಆಗಲೇ. ನಾರಾಯಣಪೇಟೆ, ಗದ್ವಾಲ್ ಸೀರೆಗಳ ಕಸುಬಿನಲ್ಲಿ ದಿನವಿಡೀ ಬಗ್ಗಿ ಕೂರಬೇಕು, ನೂಲಿನ ಧೂಳೂ ಇರುತ್ತದೆ. ಸುಮಾರು ಎರಡು ವಾರ ಭಾರ, ಬಗ್ಗುವ ಕೆಲಸ, ಜೋರಾಗಿ ಊದಿ ಸಿಂಬಳ ತೆಗೆಯುವುದು ಬೇಡ. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ರಾತ್ರಿ ಎರಡು ತಲೆದಿಂಬು. ನೋವಿಗೆ ಅಂಗಡಿಯಲ್ಲಿ ಕೇಳಿ ತಂದ ಗುಳಿಗೆ ಬೇಡ. ಆಸ್ಪಿರಿನ್, ಐಬುಪ್ರೊಫೆನ್‌ನಂಥವು ರಕ್ತಸ್ರಾವ ಹೆಚ್ಚಿಸಬಲ್ಲವು. ಹೃದಯಕ್ಕಾಗಿ ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು ಮತ್ತೆ ಯಾವಾಗ ಶುರುಮಾಡಬೇಕೆಂದು ಡಾಕ್ಟರನ್ನೇ ಕೇಳಬೇಕು.

ಕೆಲವು ಲಕ್ಷಣಗಳಿಗೆ ರಿವ್ಯೂ ತಾರೀಖಿನವರೆಗೆ ಕಾಯುವಂತಿಲ್ಲ. ಒತ್ತಿ ಹಿಡಿದರೂ ನಿಲ್ಲದ ರಕ್ತ, ಕಣ್ಣು ಬಾತುಕೊಂಡು ಮಂಜಾಗುವುದು ಅಥವಾ ಒಂದು ಎರಡಾಗಿ ಕಾಣುವುದು, ಜೋರು ಜ್ವರದೊಂದಿಗೆ ಕತ್ತು ಬಿಗಿಯುವುದು, ಮೂಗು ಬಾತು ನೋವು ದಿನದಿನಕ್ಕೆ ಏರುವುದು. ಇನ್ನೊಂದನ್ನು ಜನ ನೆಗಡಿ ಎಂದುಕೊಂಡು ಬಿಡುತ್ತಾರೆ: ಬಗ್ಗಿದಾಗ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕುವುದು, ಬಾಯಿಗೆ ಉಪ್ಪುಪ್ಪಾಗಿ ತಗಲುವುದು. ಅದು ಮಿದುಳಿನ ಸುತ್ತಲಿನ ದ್ರವ ಸೋರುತ್ತಿರುವುದೂ ಆಗಿರಬಹುದು. ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಗಡಿಯ ಆಚೆಯೂ ಈಚೆಯೂ ಆಂಬುಲೆನ್ಸ್ ನಂಬರು 108.

ವಾಸನೆ ತಿಳಿಯದಿದ್ದರೆ ಅದು ಶಾಶ್ವತವೆಂದು ಹೆದರಬೇಕಿಲ್ಲ, ಬಾವು ಇಳಿದಂತೆ ಎಷ್ಟೋ ಜನರಿಗೆ ವಾರಗಳಲ್ಲಿ ಮರಳುತ್ತದೆ. ಅಲ್ಲಿಯವರೆಗೆ ಅಡುಗೆ ಗ್ಯಾಸ್ ಸೋರಿದರೂ ಗೊತ್ತಾಗದು. ರಾತ್ರಿ ಸಿಲಿಂಡರ್ ಬಂದ್ ಮಾಡುವ ಕೆಲಸವನ್ನು ಮನೆಯಲ್ಲಿ ಇನ್ನೊಬ್ಬರು ವಹಿಸಿಕೊಳ್ಳಲಿ.

“ದುರ್ಮಾಂಸ ಮತ್ತ ಬೆಳೀತದ, ಆಪರೇಷನ್ ದಂಡ”

ಮತ್ತೆ ಬೆಳೆಯುವುದು ನಿಜ, ಎಷ್ಟೋ ಜನರಿಗೆ. ದಂಡ ಎನ್ನುವುದು ಸುಳ್ಳು. ದುರ್ಮಾಂಸದ ಬೇರು ಒಳಪೊರೆಯ ಉರಿಯೂತದಲ್ಲಿದೆ, ಕತ್ತಿಯಿಂದ ಅದು ಹೋಗದು. ಆಪರೇಷನ್ ದಾರಿ ತೆರೆದುಕೊಡುತ್ತದೆ, ಆ ದಾರಿಯಲ್ಲಿ ಒಳಗೆ ತಲುಪಬೇಕಾದದ್ದು ಸ್ಟೀರಾಯ್ಡ್ ಸ್ಪ್ರೇ ಮತ್ತು ಉಪ್ಪುನೀರು. ಸ್ಟೀರಾಯ್ಡ್ ಎಂದ ಕೂಡಲೇ ಹೆದರಿ ಸ್ಪ್ರೇ ನಿಲ್ಲಿಸುವವರಿದ್ದಾರೆ. ಮೂಗಿಗೆ ಹೊಡೆಯುವ ಪ್ರಮಾಣ ಬಹಳ ಕಡಿಮೆ, ಮೈಗೆ ಸೇರುವುದು ಇನ್ನೂ ಕಡಿಮೆ.

2021ರ ಕಪ್ಪು ಶಿಲೀಂಧ್ರದ ದಿನಗಳು ಇನ್ನೊಂದು ಭಯವನ್ನು ಬಿಟ್ಟುಹೋಗಿವೆ. ಹೈದರಾಬಾದಿನ ಕೋಠಿಯ ಸರ್ಕಾರಿ ಇಎನ್‌ಟಿ ಆಸ್ಪತ್ರೆ ಆಗ ತೆಲಂಗಾಣದಲ್ಲಿ ಅದರ ಚಿಕಿತ್ಸೆಗೆ ನೋಡಲ್ ಕೇಂದ್ರವಾಗಿತ್ತು. ಕಣ್ಣು, ದವಡೆ ಕಳೆದುಕೊಂಡವರನ್ನು ಕಂಡ ಊರುಗಳಲ್ಲಿ ಮೂಗಿನ ಆಪರೇಷನ್ ಎಂದರೆ ಮುಖ ಕೆಡುತ್ತದೆ ಎಂಬ ಮಾತು ಉಳಿದುಕೊಂಡಿದೆ. ಕಣ್ಣು ತಿಂದದ್ದು ಆ ಶಿಲೀಂಧ್ರ. ಆಪರೇಷನ್ ಮಾಡಿದ್ದು ಅದನ್ನು ತಡೆಯಲು. ನಡುಗೋಡೆ, ಸೈನಸ್ ಆಪರೇಷನ್‌ಗಳನ್ನು ಸಾಮಾನ್ಯವಾಗಿ ಮೂಗಿನ ಒಳಗಿಂದಲೇ ಮಾಡುತ್ತಾರೆ, ಮುಖದ ಮೇಲೆ ಗಾಯವಿರುವುದಿಲ್ಲ. ಆ ಶಿಲೀಂಧ್ರದಿಂದ ಉಳಿದು ಬಂದವರು, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರು, ಸಕ್ಕರೆ ಹತೋಟಿಯಲ್ಲಿಟ್ಟುಕೊಂಡು ತಪಾಸಣೆ ಮುಂದುವರಿಸಬೇಕು.

ಮನೆಗೆ ಕಳಿಸುವ ದಿನವೇ ಕೇಳಿಕೊಳ್ಳಬೇಕಾದ ಮಾತು ನಾಲ್ಕಿವೆ: ಮೂಗಿನೊಳಗೆ ಏನಾದರೂ ಇಟ್ಟಿದ್ದೀರಾ, ಅದನ್ನು ಯಾವತ್ತು ತೆಗೆಯುತ್ತೀರಿ, ಆ ದಿನ ಒಪಿ ಎಷ್ಟು ಗಂಟೆಗೆ, ರಾತ್ರಿ ರಕ್ತ ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕು. ಚೀಟಿ ಇಂಗ್ಲಿಷಿನಲ್ಲಿರುತ್ತದೆ, ಹೈದರಾಬಾದಿನಲ್ಲಿ ಹೇಳುವವರು ತೆಲುಗಿನಲ್ಲಿ ಹೇಳುತ್ತಾರೆ. ಮನೆಯಲ್ಲಿ ಕನ್ನಡವಷ್ಟೇ ಬಲ್ಲ ಹಿರಿಯರಿದ್ದರೆ ಜೊತೆಗೆ ಹೋದವರು ಅಲ್ಲೇ ಕೂತು ಚೀಟಿಯ ಹಿಂದೆ ಕನ್ನಡದಲ್ಲಿ ಬರೆದಿಟ್ಟುಕೊಳ್ಳಲಿ. ರಿವ್ಯೂಗೆ ಹೋಗುವಾಗ ಡಿಸ್ಚಾರ್ಜ್ ಕಾಗದ, ಸಿಟಿ ಸ್ಕ್ಯಾನ್ ಫಿಲಂ, ನುಂಗುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿ, ದುರ್ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದ್ದರೆ ಅದರ ರಿಪೋರ್ಟ್ ಚೀಲದಲ್ಲಿರಲಿ.